ಹಳೆಯ ಕಾರುಗಳ ಎಂಜಿನ್ ಕೂಲೆಂಟ್: ಆಯ್ಕೆ ಮತ್ತು ನಿರ್ವಹಣೆ ಕುರಿತು ವಾಹನ ಮಾಲೀಕರಿಗೆ ಮಾಹಿತಿ

ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 41ರ ಅನ್ವಯ ಸ್ವಂತ ಬಳಕೆಯ ಕಾರಿನ ನೋಂದಣಿ ಪತ್ರವು 15 ವರ್ಷಗಳ ಅವಧಿಗೆ ಊರ್ಜಿತದಲ್ಲಿರುತ್ತದೆ. ಆ ಬಳಿಕ ಮಾಲೀಕರು ನಮೂನೆ 25ರಲ್ಲಿ ಅರ್ಜಿ ಸಲ್ಲಿಸಿ, ವಾಹನವನ್ನು ತಪಾಸಣೆಗೆ ಹಾಜರುಪಡಿಸಿ, ನೋಂದಣಿಯನ್ನು 5 ವರ್ಷಗಳ ಅವಧಿಗೆ ನವೀಕರಿಸಿಕೊಳ್ಳಬೇಕಾಗುತ್ತದೆ. ಈ ಸಂದರ್ಭದಲ್ಲಿ ಬಾಡಿ, ಬ್ರೇಕ್, ದೀಪ ಹಾಗೂ ಟೈರುಗಳನ್ನು ಸರಿಪಡಿಸಿಕೊಳ್ಳುವವರು ರೇಡಿಯೇಟರಿನೊಳಗಿನ ದ್ರವವನ್ನು ಪರಿಶೀಲಿಸುವುದು ವಿರಳ. ಆದರೆ ಹಳೆಯ ಎಂಜಿನ್ ಏಕಾಏಕಿ ಕೆಟ್ಟು ನಿಲ್ಲಲು ಅತಿಯಾದ ಬಿಸಿಯೂ ಒಂದು ಪ್ರಮುಖ ಕಾರಣ. ಆದುದರಿಂದ ಕೂಲೆಂಟ್ ಎಂದು ಕರೆಯಲಾಗುವ ಶೀತಕ ದ್ರವದ ಬಗ್ಗೆ ಸಾರ್ವಜನಿಕರ ತಿಳುವಳಿಕೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಕೂಲೆಂಟಿನ ಅವಶ್ಯಕತೆ

ಶೀತ ದೇಶಗಳಲ್ಲಿ ನೀರು ಹೆಪ್ಪುಗಟ್ಟದಂತೆ ತಡೆಯುವುದು ಕೂಲೆಂಟಿನ ಮುಖ್ಯ ಕೆಲಸ. ನಮ್ಮ ರಾಜ್ಯದಲ್ಲಿ ಆ ಸಮಸ್ಯೆ ಇಲ್ಲವಾದ್ದರಿಂದ ನೀರೇ ಸಾಕೆಂಬ ಭಾವನೆ ಅನೇಕರಲ್ಲಿದೆ. ಇದು ಸರಿಯಲ್ಲ. ಇಲ್ಲಿ ಕೂಲೆಂಟ್ ಬೇಕಾಗಿರುವುದು ಎರಡು ಕಾರಣಗಳಿಗಾಗಿ.

ಅ) ಕುದಿಯುವ ಮಟ್ಟವನ್ನು ಹೆಚ್ಚಿಸಲು: ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯುತ್ತದೆ. ಎಥಿಲೀನ್ ಗ್ಲೈಕಾಲ್ ಮತ್ತು ನೀರನ್ನು ಸಮಭಾಗದಲ್ಲಿ ಬೆರೆಸಿದ ದ್ರವವು ಸಮುದ್ರ ಮಟ್ಟದಲ್ಲಿ ಸುಮಾರು 107 ಡಿಗ್ರಿಯವರೆಗೆ ಕುದಿಯುವುದಿಲ್ಲ. ರೇಡಿಯೇಟರ್ ಮುಚ್ಚಳವು ಒಳಗಿನ ಒತ್ತಡವನ್ನು ಹಿಡಿದಿಟ್ಟುಕೊಂಡಾಗ ಈ ಮಟ್ಟ ಇನ್ನೂ ಹೆಚ್ಚುತ್ತದೆ. ಪೂರ್ಣ ಹೊರೆಯೊಂದಿಗೆ ಚಾರ್ಮಾಡಿ, ಶಿರಾಡಿ ಅಥವಾ ಆಗುಂಬೆ ಘಾಟಿಯನ್ನು ಹತ್ತುವಾಗ ಈ ಅಂತರವೇ ಎಂಜಿನ್ನನ್ನು ಕಾಪಾಡುತ್ತದೆ.

ಆ) ತುಕ್ಕು ಮತ್ತು ಸವೆತವನ್ನು ತಡೆಯಲು: ಶೀತಕ ವ್ಯವಸ್ಥೆಯಲ್ಲಿ ಬೀಡು ಕಬ್ಬಿಣ, ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ ಮತ್ತು ಸೀಸದ ಬೆಸುಗೆ ಇವೆಲ್ಲವೂ ಒಂದೇ ದ್ರವವನ್ನು ಸ್ಪರ್ಶಿಸುತ್ತವೆ. ಬರಿಯ ನೀರಿನಲ್ಲಿ ಇವು ಒಂದನ್ನೊಂದು ಕೊರೆಯುತ್ತವೆ. ಕೂಲೆಂಟಿನಲ್ಲಿರುವ ರಕ್ಷಕ ರಾಸಾಯನಿಕಗಳು ಈ ಕ್ರಿಯೆಯನ್ನು ತಡೆಯುತ್ತವೆ.

2. ಕೂಲೆಂಟಿನ ವಿಧಗಳು

ಅ) ಹಳೆಯ ಮಾದರಿಯ ಅಜೈವಿಕ ಕೂಲೆಂಟ್ (ಐಎಟಿ): ಸಿಲಿಕೇಟ್, ಫಾಸ್ಫೇಟ್ ಮುಂತಾದ ಲವಣಗಳನ್ನು ಒಳಗೊಂಡಿರುತ್ತದೆ. ತಾಮ್ರ-ಹಿತ್ತಾಳೆ ರೇಡಿಯೇಟರ್ ಮತ್ತು ಸೀಸದ ಬೆಸುಗೆಯುಳ್ಳ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಯಂತಹ ಕಾರುಗಳಿಗೆ ಇದು ಸೂಕ್ತ. ಇದರ ರಕ್ಷಕ ಗುಣ ಬೇಗ ಕುಂದುವುದರಿಂದ ಸಾಮಾನ್ಯವಾಗಿ 2 ವರ್ಷಗಳಿಗೊಮ್ಮೆ ಬದಲಾಯಿಸಬೇಕು.

ಆ) ಜೈವಿಕ ಆಮ್ಲ ಆಧಾರಿತ ಕೂಲೆಂಟ್ (ಒಎಟಿ): ಅಲ್ಯೂಮಿನಿಯಂ ರೇಡಿಯೇಟರುಳ್ಳ ಇತ್ತೀಚಿನ ಕಾರುಗಳಿಗಾಗಿ ರೂಪುಗೊಂಡದ್ದು, ಸಾಮಾನ್ಯವಾಗಿ 5 ವರ್ಷ ಬಾಳುತ್ತದೆ. ಈ ವರ್ಗದ ಕೆಲವು ಕೂಲೆಂಟುಗಳು ಹಳೆಯ ಸೀಸದ ಬೆಸುಗೆಗೂ ರಬ್ಬರ್ ಭಾಗಗಳಿಗೂ ಹಾನಿ ಮಾಡಬಲ್ಲವು. ಹೆಚ್ಚು ಕಾಲ ಬಾಳುತ್ತದೆ ಎಂಬ ಒಂದೇ ಕಾರಣಕ್ಕೆ ಇದನ್ನು ಹಳೆಯ ಕಾರಿಗೆ ಹಾಕಬಾರದು.

ಇ) ಮಿಶ್ರ ಮಾದರಿ: ಜೈವಿಕ ಆಮ್ಲದೊಂದಿಗೆ ಸಿಲಿಕೇಟ್ ಅಥವಾ ಫಾಸ್ಫೇಟ್ ಸೇರಿಸಿದ್ದು. ಜಪಾನ್ ಮೂಲದ ತಯಾರಕರು ಬಹುಮಟ್ಟಿಗೆ ಫಾಸ್ಫೇಟ್ ಇರುವ, ಸಿಲಿಕೇಟ್ ಇಲ್ಲದ ಕೂಲೆಂಟನ್ನು ಸೂಚಿಸುತ್ತಾರೆ. ಯೂರೋಪಿನ ಅನೇಕ ತಯಾರಕರು ಗಡಸು ನೀರಿನೊಂದಿಗೆ ಸೇರಿ ಪದರ ಕಟ್ಟುತ್ತದೆ ಎಂಬ ಕಾರಣಕ್ಕೆ ಫಾಸ್ಫೇಟನ್ನು ವರ್ಜಿಸುತ್ತಾರೆ.

3. ಖರೀದಿಸುವಾಗ ಗಮನಿಸಬೇಕಾದ ಅಂಶಗಳು

• ಕಾರಿನೊಂದಿಗೆ ನೀಡಲಾದ ಮಾಲೀಕರ ಕೈಪಿಡಿಯಲ್ಲಿನ ಸೂಚನೆಯೇ ಅಂತಿಮ. ಕೈಪಿಡಿ ಲಭ್ಯವಿಲ್ಲದಿದ್ದಲ್ಲಿ ಅದೇ ತಯಾರಕರ ಸೇವಾ ಕೇಂದ್ರದಲ್ಲಿ ವಿಚಾರಿಸತಕ್ಕದ್ದು.
• ಬಣ್ಣವನ್ನು ನೋಡಿ ಕೂಲೆಂಟ್ ಆರಿಸಬಾರದು. ಹಸಿರು, ಕೆಂಪು, ನೀಲಿ ಎಂಬುದು ತಯಾರಕರು ಬೆರೆಸಿದ ಬಣ್ಣ ಮಾತ್ರ. ಒಂದೇ ಬಣ್ಣದ ಎರಡು ಡಬ್ಬಗಳಲ್ಲಿ ಬೇರೆ ಬೇರೆ ರಾಸಾಯನಿಕಗಳು ಇರಬಹುದು.
• ಡಬ್ಬದ ಮೇಲೆ ಭಾರತೀಯ ಮಾನಕ ಐಎಸ್ 5759, ಅಥವಾ ಎಎಸ್‌ಟಿಎಂ ಡಿ 3306, ಅಥವಾ ಜೆಐಎಸ್ ಕೆ 2234 ಎಂಬ ಉಲ್ಲೇಖ ಇದೆಯೇ ಎಂದು ನೋಡುವುದು. ಇದರ ಜೊತೆಗೆ, ಅದು ತಮ್ಮ ಕಾರಿಗೆ ಸೂಚಿಸಲಾದ ವಿಧವೇ ಎಂಬುದನ್ನೂ ಖಚಿತಪಡಿಸಿಕೊಳ್ಳುವುದು.
• ನೇರ ಬಳಕೆಯ ಕೂಲೆಂಟಿಗೆ ನೀರು ಸೇರಿಸಕೂಡದು. ಗಟ್ಟಿ ಕೂಲೆಂಟನ್ನು ಡಬ್ಬದ ಮೇಲೆ ಮುದ್ರಿಸಿದ ಪ್ರಮಾಣದಲ್ಲಿಯೇ ಬೆರೆಸಬೇಕು. ಗಟ್ಟಿ ಕೂಲೆಂಟನ್ನು ನೀರಿಲ್ಲದೆ ತುಂಬಿದರೆ ಶಾಖ ಸಾಗಿಸುವ ಶಕ್ತಿ ಕುಂದುತ್ತದೆ.
• ಎರಡು ವಿಧದ ಕೂಲೆಂಟುಗಳನ್ನು ಬೆರೆಸಬಾರದು. ರಕ್ಷಕ ಗುಣ ಕುಂದುವುದಲ್ಲದೆ, ಕೆಲವೊಮ್ಮೆ ಲೋಳೆಯಂತಹ ಗಸಿ ಉಂಟಾಗಿ ರೇಡಿಯೇಟರಿನ ಕೊಳವೆಗಳು ಮುಚ್ಚಿಹೋಗುತ್ತವೆ.

4. ಬೆರೆಸುವ ನೀರು

ಕೊಳವೆ ಬಾವಿಯ ನೀರು ಸಾಮಾನ್ಯವಾಗಿ ಗಡಸು. ಮನೆಯ ಗೀಸರಿನೊಳಗೆ ಕಟ್ಟುವ ಬಿಳಿಯ ಪದರವೇ ಎಂಜಿನ್ನಿನ ನೀರಿನ ದಾರಿಯಲ್ಲಿಯೂ ಕಟ್ಟುತ್ತದೆ. ಆಗ ಲೋಹದ ಶಾಖವು ದ್ರವಕ್ಕೆ ದಾಟುವುದಿಲ್ಲ. ನೀರಿನಲ್ಲಿರುವ ಕ್ಲೋರೈಡ್ ಅಂಶವು ಅಲ್ಯೂಮಿನಿಯಂ ಭಾಗಗಳನ್ನು ಕೊರೆಯುತ್ತದೆ. ಆದ್ದರಿಂದ ಬ್ಯಾಟರಿಗೆ ಬಳಸುವ ಡಿಸ್ಟಿಲ್ಡ್ ವಾಟರ್ ಅಥವಾ ಖನಿಜ ತೆಗೆದ ನೀರನ್ನೇ ಬಳಸತಕ್ಕದ್ದು. ಬ್ಯಾಟರಿ ಆಸಿಡ್ ಡಬ್ಬವನ್ನು ಇದೆಂದು ತಪ್ಪಾಗಿ ಭಾವಿಸದಂತೆ ಎಚ್ಚರ ವಹಿಸುವುದು.

5. ನಿಯತಕಾಲಿಕ ಪರಿಶೀಲನೆ

ಎಂಜಿನ್ ಸಂಪೂರ್ಣ ತಣ್ಣಗಿರುವಾಗ, ತಿಂಗಳಿಗೊಮ್ಮೆ ಹಾಗೂ ದೂರ ಪ್ರಯಾಣಕ್ಕೆ ಮುನ್ನ ಈ ಕೆಳಕಂಡವುಗಳನ್ನು ಪರಿಶೀಲಿಸುವುದು.

• ಕೂಲೆಂಟ್ ಬಾಟಲಿಯ ಮಟ್ಟವು ಕನಿಷ್ಠ ಮತ್ತು ಗರಿಷ್ಠ ಗೆರೆಗಳ ನಡುವೆ ಇರಬೇಕು. ಮಟ್ಟವು ಪದೇ ಪದೇ ಇಳಿಯುತ್ತಿದ್ದಲ್ಲಿ ಎಲ್ಲೋ ಸೋರಿಕೆ ಇದೆ ಎಂದೇ ತಿಳಿಯಬೇಕು.
• ದ್ರವವು ಕಂದು ಬಣ್ಣಕ್ಕೆ ತಿರುಗಿದ್ದರೆ ತುಕ್ಕು ಹಿಡಿದಿದೆ ಎಂದರ್ಥ. ಮೇಲೆ ಎಣ್ಣೆಯ ಪಸೆ ತೇಲುತ್ತಿದ್ದರೆ ಅಥವಾ ಎಂಜಿನ್ ಆಯಿಲ್ ಹಾಲು ಬೆರೆಸಿದ ಚಹದಂತೆ ಕಂಡರೆ ಹೆಡ್ ಗ್ಯಾಸ್ಕೆಟ್ ಹಾಳಾಗಿರುವ ಸಂಭವವಿದೆ. ಅಂತಹ ಕಾರನ್ನು ಓಡಿಸದೆ ಮೆಕ್ಯಾನಿಕ್‌ಗೆ ತೋರಿಸುವುದು.
• ರಬ್ಬರ್ ಹೋಸುಗಳು ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ ಅಥವಾ ಮೆತ್ತಗಾಗಿದ್ದರೆ ಬದಲಾಯಿಸುವುದು.
• ರೇಡಿಯೇಟರ್ ಮುಚ್ಚಳದ ರಬ್ಬರ್ ಮತ್ತು ಸ್ಪ್ರಿಂಗ್ ಸುಸ್ಥಿತಿಯಲ್ಲಿರಬೇಕು. ಹೊಸದನ್ನು ಹಾಕುವಾಗ ಮೂಲ ಮುಚ್ಚಳದ ಒತ್ತಡದ ಅಂಕಿಯದನ್ನೇ ಹಾಕಬೇಕು. ಹೆಚ್ಚಿನ ಅಂಕಿಯ ಮುಚ್ಚಳ ಹಾಕಿದರೆ ಹಳೆಯ ರೇಡಿಯೇಟರಿನ ಬೆಸುಗೆ ಬಿಡಬಹುದು.

6. ಬದಲಾಯಿಸುವ ವಿಧಾನ

ತಣ್ಣಗಿರುವ ಎಂಜಿನ್ನಿನಿಂದ ಹಳೆಯ ದ್ರವವನ್ನು ಅಗಲ ಬಾಯಿಯ ಪಾತ್ರೆಗೆ ಇಳಿಸಿ, ತಿಳಿಯಾದ ನೀರು ಹೊರಬರುವವರೆಗೆ ತೊಳೆಯಬೇಕು. ತೊಳೆದ ನೀರಿನ ಒಂದಂಶ ಎಂಜಿನ್ನಿನೊಳಗೆ ಉಳಿಯುವುದರಿಂದ ಕೊನೆಯ ಬಾರಿ ಡಿಸ್ಟಿಲ್ಡ್ ವಾಟರ್‌ನಿಂದಲೇ ತೊಳೆಯುವುದು ಒಳ್ಳೆಯದು. ಸಮಭಾಗದ ಮಿಶ್ರಣ ಬೇಕಾದಲ್ಲಿ, ಕೈಪಿಡಿಯಲ್ಲಿ ಹೇಳಿರುವ ಒಟ್ಟು ಪ್ರಮಾಣದ ಅರ್ಧದಷ್ಟು ಗಟ್ಟಿ ಕೂಲೆಂಟನ್ನು ಮೊದಲು ಹಾಕಿ, ಉಳಿದದ್ದನ್ನು ಡಿಸ್ಟಿಲ್ಡ್ ವಾಟರ್‌ನಿಂದ ತುಂಬಿದರೆ ಪ್ರಮಾಣ ಸರಿಯಾಗುತ್ತದೆ. ಹೀಟರ್ ಇರುವ ಕಾರಿನಲ್ಲಿ ಅದನ್ನು ಪೂರ್ಣ ಬಿಸಿಗೆ ತಿರುಗಿಸಿ, ಕೈಪಿಡಿಯ ಕ್ರಮದಂತೆ ಒಳಗಿನ ಗಾಳಿಯನ್ನು ಹೊರಹಾಕಬೇಕು. ಎಂಜಿನ್ ಮತ್ತೆ ತಣ್ಣಗಾದ ಮೇಲೆ ಮಟ್ಟವನ್ನು ಪುನಃ ನೋಡಿ, ಬದಲಾಯಿಸಿದ ದಿನಾಂಕ ಮತ್ತು ಕೂಲೆಂಟಿನ ವಿಧವನ್ನು ಬರೆದಿಡುವುದು.

7. ಎಂಜಿನ್ ಅತಿಯಾಗಿ ಬಿಸಿಯಾದಾಗ

ಎ.ಸಿ. ಆರಿಸಿ, ವಾಹನವನ್ನು ಸುರಕ್ಷಿತವಾಗಿ ರಸ್ತೆಯ ಬದಿಗೆ ತಂದು ಎಂಜಿನ್ ನಿಲ್ಲಿಸುವುದು. ಬಿಸಿಯಾದ ರೇಡಿಯೇಟರ್ ಮುಚ್ಚಳವನ್ನು ಯಾವುದೇ ಕಾರಣಕ್ಕೂ ತೆರೆಯಕೂಡದು. ಒತ್ತಡದಲ್ಲಿರುವ ದ್ರವವು ಮುಖಕ್ಕೆ ಚಿಮ್ಮಿ ತೀವ್ರ ಸುಟ್ಟ ಗಾಯಗಳಾಗುತ್ತವೆ. ಬಿಸಿ ಎಂಜಿನ್ನಿನ ಮೇಲೆ ತಣ್ಣೀರು ಸುರಿಯಬಾರದು; ಲೋಹ ಬಿರುಕು ಬಿಡಬಹುದು. ಪೂರ್ತಿ ತಣ್ಣಗಾದ ಬಳಿಕ ಅನಿವಾರ್ಯವಾದಲ್ಲಿ ಕುಡಿಯುವ ನೀರನ್ನು ಸೇರಿಸಬಹುದು. ಆದರೆ ಕಾರಣ ಪತ್ತೆ ಮಾಡಿಸಿ, ಆ ದ್ರವವನ್ನು ಶೀಘ್ರವಾಗಿ ಬದಲಾಯಿಸತಕ್ಕದ್ದು.

8. ಸುರಕ್ಷತೆ ಮತ್ತು ವಿಲೇವಾರಿ

ಎಥಿಲೀನ್ ಗ್ಲೈಕಾಲ್ ರುಚಿಯಲ್ಲಿ ಸಿಹಿಯಾಗಿದ್ದು, ಮೂತ್ರಪಿಂಡಗಳನ್ನು ಹಾಳುಮಾಡುವ ಪ್ರಾಣಾಂತಕ ವಿಷವಾಗಿರುತ್ತದೆ. ಮಕ್ಕಳು, ನಾಯಿ ಹಾಗೂ ಜಾನುವಾರುಗಳು ಸಿಹಿಗೆ ಆಕರ್ಷಿತರಾಗಿ ಸೇವಿಸುವ ಅಪಾಯವಿದೆ. ಕುಡಿಯುವ ನೀರಿನ ಅಥವಾ ತಂಪು ಪಾನೀಯದ ಬಾಟಲಿಯಲ್ಲಿ ಇದನ್ನು ತುಂಬಿಡಲೇಬಾರದು. ನೆಲಕ್ಕೆ ಚೆಲ್ಲಿದ್ದನ್ನು ಕೂಡಲೇ ಒರೆಸಿ ತೊಳೆಯಬೇಕು. ಯಾರಾದರೂ ಸೇವಿಸಿದಲ್ಲಿ ವಾಂತಿ ಮಾಡಿಸಲು ಪ್ರಯತ್ನಿಸದೆ, ಲಕ್ಷಣಗಳಿಗಾಗಿ ಕಾಯದೆ, 108ಕ್ಕೆ ಕರೆ ಮಾಡಿ ಡಬ್ಬದ ಸಮೇತ ಆಸ್ಪತ್ರೆಗೆ ಕರೆದೊಯ್ಯಬೇಕು. ಮೊದಲ ಕೆಲವು ಗಂಟೆಗಳಲ್ಲಿ ಚಿಕಿತ್ಸೆ ದೊರೆತರೆ ಪ್ರಾಣ ಉಳಿಯುವ ಸಾಧ್ಯತೆ ಹೆಚ್ಚು.

ಬಳಸಿದ ಕೂಲೆಂಟನ್ನು ಚರಂಡಿ, ರಾಜಕಾಲುವೆ, ಕೆರೆ ಅಥವಾ ಮಣ್ಣಿಗೆ ಸುರಿಯದೆ, ಮುಚ್ಚಳವಿರುವ ಡಬ್ಬದಲ್ಲಿ ಶೇಖರಿಸಿ, ಅದನ್ನು ಸ್ವೀಕರಿಸುವ ಸೇವಾ ಕೇಂದ್ರಕ್ಕೆ ಒಪ್ಪಿಸುವುದು.

9. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಥರ್ಮೋಸ್ಟಾಟ್ ತೆಗೆದುಹಾಕಿದರೆ ಎಂಜಿನ್ ತಂಪಾಗಿರುತ್ತದೆ ಎನ್ನುತ್ತಾರೆ. ತೆಗೆಸಬಹುದೇ?
ಉತ್ತರ: ತೆಗೆಸಬಾರದು. ಹಲವು ಕಾರುಗಳಲ್ಲಿ ಥರ್ಮೋಸ್ಟಾಟ್ ಸುಮಾರು 82ರಿಂದ 88 ಡಿಗ್ರಿಯಲ್ಲಿ ತೆರೆಯುತ್ತದೆ. ಅದಿಲ್ಲದ ಎಂಜಿನ್ ತಕ್ಕ ಬಿಸಿಗೆ ಬರಲು ತಡವಾಗಿ, ಇಂಧನ ಹೆಚ್ಚು ಖರ್ಚಾಗುತ್ತದೆ, ಹೊಗೆಯಲ್ಲಿ ಮಾಲಿನ್ಯವೂ ಹೆಚ್ಚುತ್ತದೆ. ಕೆಟ್ಟಿದ್ದರೆ ಹೊಸದನ್ನು ಹಾಕಿಸುವುದು.

ಪ್ರಶ್ನೆ: ಹಲವು ವರ್ಷಗಳಿಂದ ಬರಿಯ ನೀರನ್ನೇ ಹಾಕಿದ್ದೇನೆ. ಈಗ ಕೂಲೆಂಟ್ ಹಾಕಿದರೆ ಸೋರುತ್ತದೆಯೇ?
ಉತ್ತರ: ತುಕ್ಕು ಮತ್ತು ಪದರಗಳು ಮುಚ್ಚಿಕೊಂಡಿದ್ದ ಸಣ್ಣ ರಂಧ್ರಗಳು ತೊಳೆದಾಗ ತೆರೆದುಕೊಳ್ಳಬಹುದು. ಅದು ಕೂಲೆಂಟಿನ ದೋಷವಲ್ಲ. ಮೊದಲೇ ಇದ್ದ ಹಾನಿ ಕಾಣಿಸಿಕೊಂಡದ್ದು. ಮೊದಲು ಮೆಕ್ಯಾನಿಕ್‌ನಿಂದ ಒತ್ತಡ ಪರೀಕ್ಷೆ ಮಾಡಿಸಿ, ದುರಸ್ತಿಯಾದ ನಂತರ ತುಂಬಿಸುವುದು.

ಪ್ರಶ್ನೆ: ಕಾರು ತಿಂಗಳುಗಟ್ಟಲೆ ನಿಂತೇ ಇರುತ್ತದೆ. ಆದರೂ ಕೂಲೆಂಟ್ ಬದಲಾಯಿಸಬೇಕೇ?
ಉತ್ತರ: ಬದಲಾಯಿಸಬೇಕು. ಕಾಲ ಕಳೆದಂತೆಯೂ ರಕ್ಷಕ ಗುಣ ಕುಂದುವುದರಿಂದ ಕಿಲೋಮೀಟರ್ ಅಥವಾ ವರ್ಷ, ಯಾವುದು ಮೊದಲೋ ಅದನ್ನೇ ಅನುಸರಿಸತಕ್ಕದ್ದು.

ನೋಂದಣಿ ನವೀಕರಣಕ್ಕಾಗಿ ವಾಹನವನ್ನು ಹಾಜರುಪಡಿಸಲಿರುವ ಮಾಲೀಕರು, ತಪಾಸಣೆಯ ಹಿಂದಿನ ದಿನದವರೆಗೆ ಕಾಯದೆ ಶೀತಕ ವ್ಯವಸ್ಥೆಯನ್ನು ಮುಂಚಿತವಾಗಿಯೇ ಪರಿಶೀಲಿಸಿಕೊಳ್ಳುವಂತೆ ಕೋರಲಾಗಿದೆ.