ಹೊಲದಿಂದ ಸ್ಟುಡಿಯೋಗೆ: ಜಹೀರಾಬಾದ್ ಸೀಮೆಯ ದುಡಿಯುವ ಮಹಿಳೆಯರ ಕಲಿಕೆ

ವಯಸ್ಕರ ಕಲಿಕೆ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ರಾತ್ರಿಶಾಲೆ, ಸ್ಲೇಟು, ಹೆಬ್ಬೆಟ್ಟು ಬಿಟ್ಟು ರುಜು ಹಾಕುವ ಸಂಭ್ರಮ. ದುಡಿಯುವ ಜಾಗದಲ್ಲೇ ಕೈಗೂಡುವ ಕಲಿಕೆಯನ್ನು ಸಾಮಾನ್ಯವಾಗಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ, ಈಗ ತೆಲಂಗಾಣದಲ್ಲಿರುವ ಜಹೀರಾಬಾದ್, ನಾರಾಯಣಖೇಡ ತಾಲೂಕುಗಳು ಬೀದರ ಜಿಲ್ಲೆಯಲ್ಲಿ, ತಾಂಡೂರು ಕಲಬುರಗಿ ಜಿಲ್ಲೆಯಲ್ಲಿ ಇದ್ದವು. ಕನ್ನಡ, ತೆಲುಗು, ದಖನಿ ಕಲೆತ ಈ ಸೀಮೆಯಲ್ಲಿ ಅಂಥ ಕಲಿಕೆಗೆ ಗಟ್ಟಿಯಾದ ಸಾಕ್ಷ್ಯವಿದೆ.

ಜಹೀರಾಬಾದ್ ಬಳಿಯ ಪಸ್ತಾಪುರದಲ್ಲಿ ನೆಲೆಯೂರಿರುವ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಆರಂಭವಾದದ್ದು 1983ರಲ್ಲಿ. ಅದರ ಸಂಘಗಳಲ್ಲಿ ಇರುವವರು ಬಹುಪಾಲು ದಲಿತ ಕೃಷಿಕ ಮಹಿಳೆಯರು. ಸಂಸ್ಥೆಯನ್ನು ದಶಕಗಳ ಕಾಲ ನಡೆಸಿದ ಪಿ.ವಿ. ಸತೀಶ್ (ನಿಧನ: 2023) ಮೈಸೂರಿನವರು, ದೂರದರ್ಶನದಲ್ಲಿ ಕಾರ್ಯಕ್ರಮ ನಿರ್ಮಾಪಕರಾಗಿದ್ದವರು. 1975–76ರ ಉಪಗ್ರಹ ಬೋಧನಾ ಟೆಲಿವಿಷನ್ ಪ್ರಯೋಗಕ್ಕೂ ಅವರು ದುಡಿದಿದ್ದರು. ಆ ಪ್ರಯೋಗದಲ್ಲಿ 2,400 ಹಳ್ಳಿಗಳಿಗೆ ಟಿ.ವಿ. ಬಂತು, ಹಳ್ಳಿಯವರ ಪಾಲಿಗೆ ಬಂದದ್ದು ಕೂತು ನೋಡುವ ಕೆಲಸ ಮಾತ್ರ. ಪಸ್ತಾಪುರದಲ್ಲಿ ಅದು ತಿರುವುಮುರುವಾಯಿತು. 1990ರ ದಶಕದ ಕೊನೆಗೆ ಓದುಬರಹ ಬಾರದ ಸಂಘದ ಮಹಿಳೆಯರು ಕ್ಯಾಮೆರಾ ಹಿಡಿದರು.

ಅವರು ಕ್ಯಾಮೆರಾ ಕೋನಗಳನ್ನು ಗುರುತಿಸಿಕೊಂಡ ಬಗೆ ಮಾಧ್ಯಮ ಅಧ್ಯಯನದಲ್ಲಿ ಈಗ ಹೆಸರಾಗಿದೆ. ಮೇಲಿನಿಂದ ಕೆಳಗೆ ನೋಡುವುದು ‘ಪಟೇಲ ಶಾಟ್’, ಕೆಳಗಿನಿಂದ ತಲೆಯೆತ್ತಿ ನೋಡುವುದು ‘ಜೀತದ ಶಾಟ್’, ಕಣ್ಣಿನ ಮಟ್ಟದ್ದು ‘ಸಂಘದ ಶಾಟ್’. ಇದನ್ನು ನೆನಪಿಡುವ ಉಪಾಯವೆಂದಷ್ಟೇ ಓದಿದರೆ ಕಡಿಮೆ ಓದಿದಂತೆ. ಸಿನಿಮಾ ಶಾಲೆಯ ವಿದ್ಯಾರ್ಥಿ ಕೋನವನ್ನು ಮೊದಲು ಕಲಿತು, ಅದರ ಅರ್ಥವನ್ನು ಆಮೇಲೆ ಹುಡುಕುತ್ತಾನೆ. ಇವರಿಗೆ ಅರ್ಥ ಪಟೇಲನ ಅಂಗಳದಲ್ಲಿ ನಿಂತು, ಕೂಲಿಗೆ ಕೈಯೊಡ್ಡಿ ಮೊದಲೇ ಗೊತ್ತಿತ್ತು. ಕಲಿಯಲು ಉಳಿದದ್ದು ಯಂತ್ರದ ಗುಂಡಿಗಳು. ಬೀಜ ಕಾಪಿಡುವುದನ್ನು ಚಿತ್ರಿಸುವಾಗಲೂ ಹೀಗೆಯೇ: ಬೀಜಕ್ಕೆ ಬೂದಿ, ಬೇವಿನ ಸೊಪ್ಪು ಬೆರೆಸಿ ಬುಟ್ಟಿಗೆ ತುಂಬಿ ಬಾಯಿಗೆ ಮಣ್ಣು ಮೆತ್ತುವಾಗ ಕೈ ಮುಂದೆ ಎತ್ತ ಹೋಗುತ್ತದೆಂದು ಚಿತ್ರ ತೆಗೆಯುವವಳಿಗೂ ಗೊತ್ತು, ಏಕೆಂದರೆ ಆ ಕೆಲಸ ಅವಳದೂ ಹೌದು. ಇದೇ ಗುಂಪು ವಾರಂಗಲ್‌ನ ಕುಲಾಂತರಿ ಬಿಟಿ ಹತ್ತಿ ಬೆಳೆಗಾರರ ಬಗ್ಗೆ 2003ರಲ್ಲಿ ತೆಗೆದ ಸಾಕ್ಷ್ಯಚಿತ್ರ ರೈತರು ರೈತರನ್ನು ಮಾತಾಡಿಸಿದ ಚಿತ್ರ. ವರದಿಗಾರರ ಪ್ರಶ್ನೆಗೆ ಆ ಹರಿತ ಬರುವುದು ಕಷ್ಟ.

ರೇಡಿಯೋದ ಕಥೆ ಇನ್ನೊಂದು ಬಗೆಯದು. ಮಾಚನೂರು ಎಂಬ ಹಳ್ಳಿಯಲ್ಲಿ ಸಂಸ್ಥೆಯ ರೇಡಿಯೋ ಸ್ಟುಡಿಯೋ ಸಿದ್ಧವಾಗಿದ್ದರೂ ಪರವಾನಗಿ ಇರಲಿಲ್ಲ. ಸ್ವಯಂಸೇವಾ ಸಂಸ್ಥೆಗಳಿಗೆ ಬಾಗಿಲು ತೆರೆದದ್ದು 2006ರ ಸಮುದಾಯ ರೇಡಿಯೋ ನೀತಿ. ‘ಸಂಘಂ ರೇಡಿಯೋ’ ಬಿತ್ತರವಾದದ್ದು 2008ರ ಅಕ್ಟೋಬರ್ 15ರಂದು. ನಡುವಿನ ವರ್ಷಗಳಲ್ಲಿ ಧ್ವನಿಮುದ್ರಿಸಿದ ಕ್ಯಾಸೆಟ್‌ಗಳನ್ನು ಸಂಘದ ಸಭೆಗಳಲ್ಲಿ ಕೇಳಿಸುತ್ತಿದ್ದರು. ಸರ್ಕಾರದ ತಡ ಹೀಗೆ ತಾನೇ ತಾನಾಗಿ ಕಲಿಕೆಯ ಮೆಟ್ಟಿಲಾಯಿತು (ಅದಕ್ಕಾಗಿ ಸರ್ಕಾರಕ್ಕೆ ಶಹಭಾಸ್ ಹೇಳಬೇಕಿಲ್ಲ). ಮಾನವಶಾಸ್ತ್ರಜ್ಞೆ ಜೀನ್ ಲೇವ್ ಲೈಬೀರಿಯಾದ ದರ್ಜಿಗಳಲ್ಲಿ ಕಂಡದ್ದೂ ಇಂಥದೇ ಕ್ರಮ: ಅಲ್ಲಿ ಶಿಷ್ಯರು ಗುಂಡಿ, ಅಂಚು ಹೊಲಿಗೆಯಿಂದ ಹೊರಟು, ಬಟ್ಟೆ ಕತ್ತರಿಸುವುದಕ್ಕೆ ಕೊನೆಯಲ್ಲಿ ಬರುತ್ತಿದ್ದರು. ತಪ್ಪಿದರೆ ನಷ್ಟ ಕಡಿಮೆಯಿರುವ ಕಡೆಯಿಂದ ಕೆಲಸ ಶುರು. ಸಂಘದ ಸಭೆಯಲ್ಲೂ ಹಾಗೆಯೇ, ಎದುರಿಗೇ ಕೂತು ಕೇಳುವ ಮೂವತ್ತು ಮಂದಿಯ ಮುಂದೆ ತಪ್ಪಿದರೆ ಮುಂದಿನ ವಾರ ತಿದ್ದಿಕೊಳ್ಳಬಹುದು. ಗಾಳಿಗೆ ಬಿಟ್ಟ ಮಾತು ಹಾಗಲ್ಲ.

ಆದರೆ ಕ್ರಮವೊಂದೇ ಸಾಲದು ಎಂಬುದಕ್ಕೆ ತಾಂಡೂರಿನ ಕಲ್ಲುಗಣಿ ನೋಡಬೇಕು. ಅಲ್ಲಿನ ಸುಣ್ಣಕಲ್ಲು ಪದರು ಪದರಾಗಿ ಬಿಡುತ್ತದೆ. ನೆಲಕ್ಕೆ ಹಾಸುವ ಫರಸಿಯಾಗಿ ದೂರದೂರಕ್ಕೆ ಹೋಗುತ್ತದೆ. ಉಳಿಯನ್ನು ಎಲ್ಲಿಟ್ಟು ಎಷ್ಟು ಬಲದಲ್ಲಿ ಹೊಡೆದರೆ ಬಂಡೆ ಒಡೆಯದೆ ಪದರು ಏಳುತ್ತದೆಂಬುದು ಮೇಸ್ತ್ರಿಯ ಮಗ್ಗುಲಲ್ಲಿ ನಿಂತೇ ಬರುವ ವಿದ್ಯೆ. ಕಲಿಕೆಯ ದಾರಿ ಸಂಘದ್ದೇ, ಫಲ ಬೇರೆ. ಯಾವ ಬೀಜ ಬಿತ್ತಬೇಕು, ಯಾವ ಚಿತ್ರ ತೆಗೆಯಬೇಕು ಎಂಬುದನ್ನು ಸಂಘದ ಮಹಿಳೆಯರು ಸಭೆಯಲ್ಲಿ ಕೂತು ಮಾತಾಡುತ್ತಾರೆ. ಕಲ್ಲಿನ ಅಳತೆ, ದರ ಎರಡರಲ್ಲೂ ಉಳಿ ಹಿಡಿದವನ ಮಾತು ನಡೆಯುವುದಿಲ್ಲ. ಅವನ ಕೌಶಲ ಕೂಲಿಯಲ್ಲೇ ಮುಗಿಯುತ್ತದೆ. ಕಾನೂನಿನ ಕಡೆ ನೋಡಿದರೆ, 1961ರ ಅಪ್ರೆಂಟಿಸ್ ಕಾಯ್ದೆ ಕಣ್ಣಲ್ಲಿಟ್ಟುಕೊಂಡದ್ದು ಕಾರ್ಖಾನೆಯ ತರಬೇತಿಯನ್ನು. ಪ್ರಮಾಣಪತ್ರವನ್ನೇ ಕೌಶಲದ ಗುರುತೆಂದು ಹಿಡಿದರೆ ಮಾಚನೂರಿನ ಧ್ವನಿಮುದ್ರಕಿ, ತಾಂಡೂರಿನ ಕಲ್ಲುಕುಟಿಗ ಇಬ್ಬರೂ ಅಕುಶಲರ ಪಟ್ಟಿಗೇ ಬೀಳುತ್ತಾರೆ.