ವಶೀಲಿಯ ಬಾಗಿಲು



ಕಳೆದ ದೀಪಾವಳಿಗೆ ಬೆಂಗಳೂರಿನಿಂದ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಕಂಪನಿಯ ನೇಮಕಾತಿಯ ಬಗೆಗೆ ಹೇಳುತ್ತಿದ್ದ. ಅಂಕಪಟ್ಟಿಯೊಂದೇ ಸಾಲದು, ಬಂದವನು ಕಂಪನಿಯ 'ಕಲ್ಚರ್'ಗೆ ಹೊಂದುವನೇ ಎಂದು ನೋಡುವರಂತೆ. ಒಳಗಿರುವ ನೌಕರರು ಪರಿಚಯಿಸಿದವರಿಗೆ ಮೊದಲ ಮಣೆಯಂತೆ. "ಇದು ಹೊಸ ಪದ್ಧತಿ ಸರ್" ಎಂದ. ನಾನು ಸುಮ್ಮನೆ ನಕ್ಕೆ. ಅವನು ಹೋದ ಮೇಲೆ ಇದನ್ನು ಬರೆಯಬೇಕೆನಿಸಿತು.

ನಮ್ಮ ಗೋಕಾಕದ ಬಣ್ಣದ ಬೊಂಬೆಗಳನ್ನು ನೀವೆಲ್ಲ ಬಲ್ಲಿರಿ. ಆ ಮನೆಗಳಲ್ಲಿ ಅರ್ಜಿಯೆಂಬುದೇ ಇರಲಿಲ್ಲ. ತಂದೆಯ ಪಕ್ಕದಲ್ಲಿ ಕುಳಿತ ಮಗ ಮೊದಲು ಬಣ್ಣ ಅರೆಯುತ್ತಿದ್ದ, ಆಮೇಲೆ ಕುಂಚ ಹಿಡಿಯುತ್ತಿದ್ದ. ಕಸುಬು, ನಡತೆ, ನಂಬಿಕೆ ಮೂರೂ ಒಟ್ಟಿಗೆ ಬರುತ್ತಿದ್ದವು. ಆದರೆ ಬೇರೆ ಮನೆಯ ಹುಡುಗನಿಗೆ ಅಲ್ಲಿ ಮಣೆ ಇರಲಿಲ್ಲ.

1885ರಲ್ಲಿ ಗೋಕಾಕ ಮಿಲ್ಲು ಸ್ಥಾಪನೆಯಾಯಿತು. ಸುಮಾರು 52 ಮೀಟರ್ ಎತ್ತರದಿಂದ ಧುಮುಕುವ ಘಟಪ್ರಭೆಯ ಬಲದಿಂದ ನೂಲು ತೆಗೆಯುವ ಸಾಹಸವದು. ಮಿಲ್ಲಿನ ಸುತ್ತ ಒಂದು ಊರೇ ಬೆಳೆಯಿತು. ಮಳೆಯನ್ನೂ ಸುಗ್ಗಿಯನ್ನೂ ನೋಡಿ ದುಡಿಯುತ್ತಿದ್ದ ರೈತನ ಮಗ ಪಾಳಿಗೆ, ಗಡಿಯಾರಕ್ಕೆ ಹೊಂದಿಕೊಳ್ಳಬೇಕಾಯಿತು. ಇಂದು 'ಕಂಪನಿಯ ಸಂಸ್ಕೃತಿ' ಎನ್ನುವುದರ ಮೊದಲ ಪಾಠವನ್ನು ನಮ್ಮ ಸೀಮೆ ಕಲಿತದ್ದು ಹೀಗೆ.

ಆಗ ನಮ್ಮದು ಮುಂಬಯಿ ಪ್ರಾಂತ. ಅಲ್ಲಿಯ ಹತ್ತಿ ಗಿರಣಿಗಳಲ್ಲಿ ಕೆಲಸಕ್ಕೆ ಜನರನ್ನು ತರುತ್ತಿದ್ದವನು ಮಾಲೀಕನಲ್ಲ, ಜಾಬರ್. ತನ್ನ ಊರಿನವರನ್ನು, ತನ್ನ ಜಾತಿಯವರನ್ನು, ಬೀಗರನ್ನು ಅವನೇ ಕರೆತಂದು, ಅವನೇ ಕೆಲಸ ಕಲಿಸಿ, ಅವನೇ ಮೇಲ್ವಿಚಾರಣೆ ನಡೆಸುತ್ತಿದ್ದ. ಪರಸ್ಥಳಕ್ಕೆ ಬಂದವನಿಗೆ ಅದೊಂದು ಆಸರೆಯೂ ಹೌದು. ಆದರೆ ಕೆಲಸ ಸಿಗಲು, ಸಿಕ್ಕಿದ್ದು ಉಳಿಯಲು ಅವನಿಗೆ ದಸ್ತೂರಿ ಸಲ್ಲಬೇಕಿತ್ತು. 1931ರಲ್ಲಿ ವರದಿ ನೀಡಿದ ವಿಟ್ಲೆ ಆಯೋಗ ಈ ಪದ್ಧತಿಯನ್ನು ಖಂಡಿಸಿ, ನೇಮಕಾತಿಗೆ ಪ್ರತ್ಯೇಕ ಅಧಿಕಾರಿ ಇರಬೇಕೆಂದಿತು. 1959ರ ಕಾಯಿದೆ 25 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಗಳೂ ಖಾಲಿ ಹುದ್ದೆಗಳನ್ನು ಉದ್ಯೋಗ ವಿನಿಮಯ ಕೇಂದ್ರಕ್ಕೆ ತಿಳಿಸಬೇಕೆಂದು ವಿಧಿಸಿತು. ತಿಳಿಸುವುದು ಕಡ್ಡಾಯವಾಗಿತ್ತು, ಕೇಂದ್ರ ಕಳಿಸಿದವರನ್ನೇ ತೆಗೆದುಕೊಳ್ಳುವುದು ಕಡ್ಡಾಯವಾಗಿರಲಿಲ್ಲ. ಬಾಗಿಲಿಗೆ ಫಲಕ ಬಂತು, ಕೀಲಿ ಮಾತ್ರ ಒಳಗಿನವರ ಕೈಯಲ್ಲೇ ಉಳಿಯಿತು.

ಪಕ್ಕದ ಹುಕ್ಕೇರಿಯಲ್ಲಿ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಹುಟ್ಟಿತು. ದೇಶದಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಐದು ಸಂಘಗಳಲ್ಲಿ ಅದೂ ಒಂದು. ಸಹಕಾರದಲ್ಲಿ ಬಳಸುವವನೇ ಸದಸ್ಯ, ಸದಸ್ಯನೇ ಒಡೆಯ. ಅಲ್ಲಿ 'ನಮ್ಮವರು' ಎಂದರೆ ಮನೆಯವರಲ್ಲ, ಇಡೀ ತಾಲೂಕು. ಈ ಅರ್ಥ ಎಷ್ಟು ದೊಡ್ಡದೋ, ಅದನ್ನು ನೇಮಕಾತಿಯಲ್ಲಿ ಉಳಿಸಿಕೊಳ್ಳುವುದು ಯಾವ ಸಂಸ್ಥೆಗಾದರೂ ಅಷ್ಟೇ ಕಠಿಣ.

ಇಷ್ಟು ಹೇಳಿ ನನ್ನ ತಪ್ಪನ್ನು ಮುಚ್ಚಿಟ್ಟರೆ ಸರಿಯಾಗದು. ತೊಂಬತ್ತರ ದಶಕದ ಮಾತು. ದೂರದ ಊರಿನ ಕಾರ್ಖಾನೆಯೊಂದರಲ್ಲಿ ಕೆಲಸ ಖಾಲಿಯಿತ್ತು. ನನ್ನ ಇಬ್ಬರು ವಿದ್ಯಾರ್ಥಿಗಳು ಅರ್ಜಿ ಹಾಕಿದರು. ಒಬ್ಬ ನನ್ನ ಸ್ನೇಹಿತರ ಮಗ. ಇನ್ನೊಬ್ಬ ಆಗ ಗೋಕಾಕ ತಾಲೂಕಿನಲ್ಲಿದ್ದ ಮೂಡಲಗಿ ಕಡೆಯ ಕೂಲಿಕಾರರ ಮಗ. ಗಣಿತದಲ್ಲಿ ಇವನೇ ಮುಂದು. ಸ್ನೇಹಿತರ ಮಗನೊಂದಿಗೆ ನಾನೇ ಬಸ್ಸು ಹತ್ತಿ ಹೋಗಿ, ಪರಿಚಿತ ಅಧಿಕಾರಿಯೊಬ್ಬರಿಗೆ "ಒಳ್ಳೆಯ ಮನೆತನದ ಹುಡುಗ" ಎಂದು ಹೇಳಿ ಬಂದೆ. ಎರಡನೆಯವನಿಗೆ ಶಾಲೆಯ ನಡತೆಯ ಪ್ರಮಾಣಪತ್ರಕ್ಕೆ ಸಹಿ ಹಾಕಿಸಿ ಕೊಟ್ಟೆ, ಅಷ್ಟೇ. ಕೆಲಸ ಯಾರಿಗಾಯಿತೆಂದು ನೀವೇ ಊಹಿಸಬಲ್ಲಿರಿ. ನಾನು ಸುಳ್ಳು ಹೇಳಿರಲಿಲ್ಲ, ಲಂಚ ಕೊಡಿಸಿರಲಿಲ್ಲ. ಆದರೂ ಆ ದಿನ ಜಾಬರನ ಕೆಲಸವನ್ನೇ ಮಾಡಿದ್ದೆ.

ಮೂಡಲಗಿಯ ಹುಡುಗ ಇಚಲಕರಂಜಿಯ ಮಗ್ಗಗಳಿಗೆ ದುಡಿಯಲು ಹೋದ. ವರ್ಷಗಳ ಮೇಲೆ ಗೋಕಾಕದ ಬಸ್ ನಿಲ್ದಾಣದಲ್ಲಿ ಸಿಕ್ಕು ಕಾಲಿಗೆ ನಮಸ್ಕರಿಸಿದ. "ನೀವು ಕೊಟ್ಟ ಸರ್ಟಿಫಿಕೇಟ್ ಇನ್ನೂ ಇಟ್ಟೇನ್ರಿ ಸರ್" ಎಂದ. ನನಗೆ ಉತ್ತರ ಹೊಳೆಯಲಿಲ್ಲ. ಚಹಾ ಕುಡಿಸಿ ಕಳಿಸಿದೆ.

ನಿಮ್ಮಲ್ಲಿ ಅನೇಕರು ಇಂದು ಸಂದರ್ಶನ ನಡೆಸುವ ಕುರ್ಚಿಯಲ್ಲಿದ್ದೀರಿ. ಹೊಂದಿಕೊಳ್ಳುವವರು ಬೇಕೆನ್ನುವುದು ತಪ್ಪಲ್ಲ. ನಾಲ್ವರು ಕೂಡಿ ದುಡಿಯುವಲ್ಲಿ ಅದು ಬೇಕೇ ಬೇಕು. ಆದರೆ ಯಾವುದಕ್ಕೆ ಹೊಂದಬೇಕೆಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಿರಿ: ಸಮಯಪಾಲನೆಯೇ, ಪ್ರಾಮಾಣಿಕತೆಯೇ, ಕಲಿಯುವ ಆಸೆಯೇ? ಎಲ್ಲರಿಗೂ ಅದೇ ಪ್ರಶ್ನೆಗಳನ್ನು ಕೇಳಿರಿ. ಖಾಲಿ ಹುದ್ದೆಯ ಸುದ್ದಿ ಮೂಡಲಗಿ, ಹುಕ್ಕೇರಿಗಳ ಕಾಲೇಜಿನ ಫಲಕಕ್ಕೂ ತಲುಪಲಿ. ಯಾರ ಪರವಾಗಿ ಯಾವ ಮಾಸ್ತರೂ ಬಸ್ಸು ಹತ್ತಿ ಬರಲಿಲ್ಲವೋ, ಅವನ ಅರ್ಜಿಯನ್ನು ಇನ್ನೊಮ್ಮೆ ಓದಿರಿ.