‘ಓಡ್ತಿದೆಯಲ್ಲ, ಯಾಕೆ ಕೈ ಹಾಕ್ತೀಯ?’: ವಿಂಡೋಸ್ ಎಕ್ಸ್‌ಪಿ ಕಲಿಸಿದ ಲೆಕ್ಕ

ಈ ಸಂಚಿಕೆ ರೆಕಾರ್ಡ್ ಮಾಡ್ತಿರೋ ಲ್ಯಾಪ್‌ಟಾಪ್ ನಾನು ಬಿ.ಕಾಂ. ಓದ್ತಿದ್ದಾಗ, 2017ರಲ್ಲಿ ಅಪ್ಪ ಕೊಡಿಸಿದ್ದು. ಇವತ್ತಿಗೂ ಚೆನ್ನಾಗೇ ಇದೆ. ಆದರೆ ಅದರಲ್ಲಿರೋ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ ಮುಗೀತು. ವಿಂಡೋಸ್ 11 ಹಾಕೋಣ ಅಂದ್ರೆ ನನ್ನ ಪ್ರೊಸೆಸರ್ ಅವರ ಪಟ್ಟಿಯಲ್ಲೇ ಇಲ್ಲ. ಏನ್ಮಾಡ್ಲಿ ಅಂತ ಮಾವನನ್ನ ಕೇಳಿದೆ. ಅವರು ಊರಲ್ಲಿ ಅಂಗಡಿಗಳ ಲೆಕ್ಕ ಬರೆದು, ತೆರಿಗೆ ರಿಟರ್ನ್ಸ್ ತುಂಬಿಕೊಡೋರು. “ಓಡ್ತಿದೆಯಲ್ಲೋ, ಸುಮ್ನೆ ಯಾಕೆ ಕೈ ಹಾಕ್ತೀಯ?” ಅಂದ್ರು.

ಈ ಮಾತನ್ನ ಅವರು ಹೇಳ್ತಿರೋದು ಇದೇ ಮೊದಲಲ್ಲ. 2007ರಲ್ಲೂ ಹೇಳಿದ್ರು, 2014ರಲ್ಲೂ ಹೇಳಿದ್ರು. ಒಂದು ಸಲ ಅವರ ಮಾತು ಸರಿ, ಇನ್ನೊಂದು ಸಲ ತಪ್ಪು. ಯಾಕೆ ಅನ್ನೋದೇ ಇವತ್ತಿನ ಕಥೆ.

ವಿಂಡೋಸ್ ಎಕ್ಸ್‌ಪಿ ಬಂದದ್ದು 2001ರ ಅಕ್ಟೋಬರ್ 25ಕ್ಕೆ. ಕನ್ನಡಿಗರಿಗೆ ಅದಕ್ಕೆ ಬದಲಾಗೋಕೆ ಒಂದು ಗಟ್ಟಿ ಕಾರಣ ಇತ್ತು. ಯೂನಿಕೋಡ್ ಕನ್ನಡ ವಿಂಡೋಸ್ ಒಳಗೇ ಬಂದದ್ದು ಅದರ ಜೊತೆ, ‘ತುಂಗಾ’ ಅನ್ನೋ ಫಾಂಟ್ ಸಮೇತ. ಮಾವನ ಆಫೀಸಿಗೂ ಅದೇ ಬಂತು.

2007ರ ಜನವರಿ 30ಕ್ಕೆ ವಿಸ್ಟಾ ಅಂಗಡಿಗೆ ಬಂತು. ಎಕ್ಸ್‌ಪಿಗೆ 128 ಎಂಬಿ ರ್‍ಯಾಮ್ ಇದ್ರೆ ಒಳ್ಳೇದು ಅಂತಿದ್ದ ಕಂಪನಿ, ವಿಸ್ಟಾದ ಹೋಮ್ ಪ್ರೀಮಿಯಂಗೆ 1 ಜಿಬಿ ಬೇಕು ಅಂತು. ಎಷ್ಟೋ ಹಳೇ ಪ್ರಿಂಟರ್, ಸ್ಕ್ಯಾನರ್‌ಗಳಿಗೆ ಡ್ರೈವರ್ ಸಿಗ್ತಿರಲಿಲ್ಲ. ವಿಸ್ಟಾ ಇದ್ದ ಹೊಸ ಕಂಪ್ಯೂಟರ್ ಕೊಂಡು, ಅದನ್ನ ತೆಗೆಸಿ ಮತ್ತೆ ಎಕ್ಸ್‌ಪಿ ಹಾಕಿಸ್ಕೊಂಡ ಕಂಪನಿಗಳೂ ಇದ್ದವು. ಎಕ್ಸ್‌ಪಿಗೆ ಭದ್ರತಾ ಅಪ್‌ಡೇಟ್ ಇನ್ನೂ ಬರ್ತಾನೇ ಇತ್ತು. ಹಾಗಾಗಿ ಆವತ್ತು ‘ಬೇಡ’ ಅಂದ ಮಾವ ಕಳ್ಕೊಂಡಿದ್ದು ಏನೂ ಇಲ್ಲ.

2014ರ ಏಪ್ರಿಲ್ 8ಕ್ಕೆ ಆ ಅಪ್‌ಡೇಟ್‌ಗಳೂ ನಿಂತವು. ಅಂದ್ರೆ, ಆಮೇಲೆ ಎಕ್ಸ್‌ಪಿಯಲ್ಲಿ ತೂತು ಕಂಡ್ರೆ ಮುಚ್ಚೇ ಮುಚ್ತಾರೆ ಅನ್ನೋ ಭರವಸೆ ಇಲ್ಲ. ಮಾವ ಆಗಲೂ ಅದೇ ಮಾತು ಹೇಳಿದ್ರು. ಮಾತು ಬದಲಾಗಿರಲಿಲ್ಲ, ಅದರ ಕೆಳಗಿನ ನೆಲ ಬದಲಾಗಿತ್ತು.

2017ರ ಮೇ 12ರಂದು ವನ್ನಾಕ್ರೈ ಅನ್ನೋ ಕುತಂತ್ರಾಂಶ 150ಕ್ಕೂ ಹೆಚ್ಚು ದೇಶಗಳಿಗೆ ಹಬ್ಬಿತು. ಫೈಲ್‌ಗಳಿಗೆಲ್ಲ ಬೀಗ ಹಾಕಿ, ಬಿಡಿಸೋಕೆ ದುಡ್ಡು ಕೇಳೋದು ಅದರ ಕೆಲಸ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ವ್ಯವಸ್ಥೆಯ 236 ಟ್ರಸ್ಟ್‌ಗಳಲ್ಲಿ ಕನಿಷ್ಠ 81ಕ್ಕೆ ತೊಂದರೆ ಆಯ್ತು. ಲೆಕ್ಕಕ್ಕೆ ಸಿಕ್ಕಷ್ಟೇ ನೋಡಿದ್ರೂ ರೋಗಿಗಳ 6,912 ಅಪಾಯಿಂಟ್‌ಮೆಂಟ್ ರದ್ದಾದವು. ಮೊದಲು ಎಲ್ಲರೂ ಬೈದದ್ದು ಎಕ್ಸ್‌ಪಿಯನ್ನೇ. ಆದರೆ ಕ್ಯಾಸ್ಪರ್‌ಸ್ಕಿ ಸಂಸ್ಥೆ ಎಣಿಸಿ ನೋಡಿದಾಗ, ಸೋಂಕು ತಗುಲಿದ್ದರಲ್ಲಿ ಸುಮಾರು 98% ವಿಂಡೋಸ್ 7 ಕಂಪ್ಯೂಟರ್‌ಗಳು! ವಿಂಡೋಸ್ 7ಕ್ಕೆ ಆಗಿನ್ನೂ ಬೆಂಬಲ ಇತ್ತು. ಆ ತೂತಿಗೆ ತೇಪೆ ಕೂಡ ಮಾರ್ಚ್ 14ಕ್ಕೇ ಬಂದಿತ್ತು. ಹಾಕ್ಕೊಂಡಿರಲಿಲ್ಲ, ಅಷ್ಟೇ.

ನನ್ನನ್ನ ತಡೆದು ನಿಲ್ಲಿಸಿದ್ದು ಈ ಅಂಕಿ. ನಾವು ಹಳೇದಾ ಹೊಸದಾ ಅಂತ ವಾದ ಮಾಡ್ತೀವಿ. ಕೇಳಬೇಕಾದ್ದು ಬೇರೆ: ಇದಕ್ಕೆ ತೇಪೆ ಬರ್ತಿದೆಯಾ? ನಾನು ಹಾಕ್ಕೊಳ್ತಿದೀನಾ?

ನಮ್ಮಲ್ಲೂ ಇದು ತಡವಾಗೇ ಹೊಳೆದಿದ್ದು. ಎಕ್ಸ್‌ಪಿಯಲ್ಲಿ ಓಡೋ ಎಟಿಎಂಗಳನ್ನ 2019ರ ಜೂನ್ ಒಳಗೆ ಹಂತಹಂತವಾಗಿ ಬದಲಿಸಿ ಅಂತ ರಿಸರ್ವ್ ಬ್ಯಾಂಕ್ ಗಡುವು ಕೊಟ್ಟಿದ್ದು 2018ರ ಜೂನ್‌ನಲ್ಲಿ. ಅಂದ್ರೆ ಬೆಂಬಲ ನಿಂತು ನಾಲ್ಕು ವರ್ಷ ಆದ್ಮೇಲೆ.

ಮಾವನಿಗೆ ಮಾತ್ರ ಏನೂ ಆಗಲಿಲ್ಲ. ಅವರ ಎಕ್ಸ್‌ಪಿಗೆ ಇಂಟರ್ನೆಟ್ಟೇ ಇರಲಿಲ್ಲ ನೋಡಿ! ಅವರನ್ನ ಕೊನೆಗೂ ಬದಲಾಯಿಸಿದ್ದು 2017ರ ಜುಲೈ 1ಕ್ಕೆ ಬಂದ ಜಿಎಸ್‌ಟಿ. ರಿಟರ್ನ್ಸ್ ಎಲ್ಲ ಆನ್‌ಲೈನ್ ಆಯ್ತು, ಹೊಸ ಕಂಪ್ಯೂಟರ್ ಬಂತು. ಹಳೇದು ಇವತ್ತಿಗೂ ಮೂಲೆಯಲ್ಲಿದೆ, ಹಳೇ ಲೆಕ್ಕ ತೆಗೆದು ನೋಡೋಕೆ.

ಹಾಗಾದ್ರೆ ನನ್ನ ತೀರ್ಮಾನ? ಮನೆಬಳಕೆಯ ವಿಂಡೋಸ್ 10ಕ್ಕೆ ಇನ್ನೂ ಒಂದು ವರ್ಷ, 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಕೊಡೋ ಯೋಜನೆಗೆ ಹೆಸರು ಕೊಟ್ಟಿದೀನಿ. ನಿಮಗಾಗಿ ಮಾಡಿದ ಹಳೇ ಸಂಚಿಕೆಗಳೆಲ್ಲ ಬೇರೊಂದು ಡಿಸ್ಕಿಗೆ ಹೋಗಿವೆ. ಆ ದಿನ ಆದ್ಮೇಲೆ ಈ ಲ್ಯಾಪ್‌ಟಾಪಲ್ಲಿ ಲಿನಕ್ಸ್ ಇರುತ್ತೆ. ಆಗ್ಲಿಲ್ಲ ಅಂದ್ರೆ ಮಾವನ ಎಕ್ಸ್‌ಪಿ ಥರ ನೆಟ್ ಇಲ್ಲದೆ ಬರೀ ರೆಕಾರ್ಡಿಂಗ್ ಮಾಡ್ಕೊಂಡಿರುತ್ತೆ.

ಮಾವನಿಗೂ ಇದನ್ನೇ ಹೇಳಿದೆ: ‘ಈಗ ಬೇಡ’ ಅನ್ನೋದು ತಪ್ಪಲ್ಲ ಮಾವ, ಆದ್ರೆ ಅದು ಎಲ್ಲಿವರೆಗೆ ಅಂತ ಕ್ಯಾಲೆಂಡರ್‌ನಲ್ಲಿ ಬರೆದಿಡ್ಬೇಕು. ಅವರು ನಕ್ಕು, “ಸರಿ, ರಿಟರ್ನ್ಸ್ ಕೊನೇ ದಿನದ ಪಕ್ಕದಲ್ಲೇ ಬರ್ಕೊ” ಅಂದ್ರು.

ಬರ್ಕೊಂಡಿದೀನಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.